ಅಂಕಬಂಧ: ಬಿಡಿಸುವ ದಾರಿಗಳು

ಗೊತ್ತಾದ ಕಟ್ಟುಪಾಡಿಗೆ ಒಳಪಟ್ಟು ಚೌಕದ ಖಾಲಿ ಮನೆಗಳಲ್ಲಿ ಅಂಕೆಗಳನ್ನು ಕೂರಿಸುವ ತರ್ಕದ ಒಗಟನ್ನು ಇಲ್ಲಿ ಅಂಕಬಂಧ ಎಂದು ಕರೆದಿದೆ. ಪದಬಂಧ ಕನ್ನಡ ಓದುಗರಿಗೆ ಹಳೆಯ ಪರಿಚಯವಾದ್ದರಿಂದ ಈ ಹೆಸರು ಬೇಗ ಒಗ್ಗುತ್ತದೆ. ಅಂಕಬಂಧಗಳಲ್ಲಿ ಹೆಚ್ಚು ಹರಡಿದ್ದು ಸುಡೊಕು. ಕಕುರೊ, ಕೆನ್‌ಕೆನ್, ಕಿಲ್ಲರ್ ಸುಡೊಕು ಅದರ ಓರಗೆಯವು. ಮಾಯಾಚೌಕ ಮತ್ತು ಚದುರಂಗದ ಕುದುರೆನಡೆ ಇವಕ್ಕೆಲ್ಲ ಹಿರಿಯರು.

ಬಿಡಿಸುವ ಉಪಾಯಗಳ ಪಟ್ಟಿ ಉದ್ದವಾಗಿದೆ, ಅವುಗಳ ಹೆಸರುಗಳೂ ಬಗೆಬಗೆಯವು. ಎಲ್ಲದರ ಬುಡದಲ್ಲಿರುವುದು ಎರಡೇ ಪ್ರಶ್ನೆ. ಈ ಮನೆಗೆ ಯಾವ ಅಂಕೆ ಬರಬಹುದು? ಈ ಅಂಕೆಗೆ ಯಾವ ಮನೆ ಸಿಗಬಹುದು? ಎರಡಕ್ಕೂ ಉತ್ತರ ದೊರೆಯುವುದು ಬರಲಾರದ್ದನ್ನು ಒಂದೊಂದಾಗಿ ಹೊಡೆದುಹಾಕುತ್ತ ಹೋದಾಗ. ಉಳಿದದ್ದು ಒಂದೇ ಆದರೆ ಅದೇ ಉತ್ತರ. ಕೂಡುವ ಕಳೆಯುವ ಲೆಕ್ಕ ಬಾರದವರೂ ಸುಡೊಕು ಬಿಡಿಸಬಲ್ಲರು. ಅಲ್ಲಿ ಅಂಕೆಗಳು ಒಂಬತ್ತು ಬೇರೆಬೇರೆ ಗುರುತುಗಳು ಮಾತ್ರ. ಅವುಗಳ ಜಾಗದಲ್ಲಿ ಒಂಬತ್ತು ಅಕ್ಷರಗಳನ್ನೋ ಒಂಬತ್ತು ಬಣ್ಣಗಳನ್ನೋ ಇಟ್ಟರೂ ಬಂಧ ಕಿಂಚಿತ್ತೂ ಬದಲಾಗದು.

ಕುಬೇರ ಕೋಲಂ

ದಿಂಡುಗಲ್ಲಿನಿಂದ ಮದುರೆಯ ಕಡೆಗೆ ಹೋಗುವಾಗ ಗಾಂಧಿಗ್ರಾಮದ ಮಗ್ಗುಲಲ್ಲೇ ಸಿಗುವ ಚಿನ್ನಾಳಪಟ್ಟಿ, ಸುಂಗುಡಿ ಸೀರೆಗೆ ಹೆಸರಾದ ನೇಕಾರರ ಊರು. ಅಲ್ಲಿನ ಅನೇಕ ದೇವಾಂಗ ಕುಟುಂಬಗಳ ಮನೆಮಾತು ಕನ್ನಡ. ಪಡುವಣಕ್ಕೆ ತೇನಿ ದಾಟಿ ಕಂಬಂ ಕಣಿವೆಗೆ ಇಳಿದರೆ ಕಪ್ಪಿಲಿಯರೆಂಬ ಸಮುದಾಯದ ಮನೆಗಳಲ್ಲೂ ಕನ್ನಡ ಕೇಳುತ್ತದೆ. ಈ ಊರುಗಳಿರುವ ತಮಿಳುನಾಡಿನಲ್ಲಿ ದೇವರ ಮುಂದೆ ಅಕ್ಕಿಹಿಟ್ಟಿನಿಂದ ಬರೆಯುವ ಕುಬೇರ ಕೋಲಂ ಎಂಬ ಒಂಬತ್ತು ಮನೆಯ ಚೌಕವೊಂದಿದೆ. ಪ್ರತಿ ಮನೆಯಲ್ಲೂ ಒಂದು ಸಂಖ್ಯೆ, ಅದರ ಮೇಲೊಂದು ನಾಣ್ಯ, ಒಂದು ಹೂವು.

23  28  21
22  24  26
27  20  25

ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಹೇಗೆ ಕೂಡಿದರೂ 72. ಬರೆಯುವವರು ಇದನ್ನು ಬಾಯಿಪಾಠ ಮಾಡಿರುತ್ತಾರೆ. ಆದರೆ 20ರಿಂದ 28ರವರೆಗಿನ ಒಂಬತ್ತು ಸಂಖ್ಯೆಗಳನ್ನು ಮಾತ್ರ ಕೈಗೆ ಕೊಟ್ಟು ಕೋಲವನ್ನು ಹೊಸದಾಗಿ ಕಟ್ಟಿ ಎಂದರೂ ಊಹೆಯ ಅಗತ್ಯವಿಲ್ಲ. ನಡುಮನೆಯ ಮೂಲಕ ಹಾದುಹೋಗುವ ಸಾಲುಗಳು ನಾಲ್ಕು. ಅವುಗಳ ಮೊತ್ತ 288. ಒಂಬತ್ತೂ ಸಂಖ್ಯೆಗಳ ಮೊತ್ತ 216. ನಾಲ್ಕು ಸಾಲುಗಳನ್ನು ಕೂಡಿದಾಗ ನಡುಮನೆ ಮೂರು ಸಲ ಹೆಚ್ಚಾಗಿ ಎಣಿಕೆಯಾಗಿರುತ್ತದೆ. ಹೆಚ್ಚಿಗೆ ಬಂದ 72 ಅದರ ಮೂರರಷ್ಟು. ಹಾಗಾಗಿ ನಡುವೆ 24 ಅಲ್ಲದೆ ಬೇರೆ ಸಂಖ್ಯೆ ಕೂರಲಾರದು.

ಮೂಲೆಮನೆ ಮೂರು ಸಾಲುಗಳಲ್ಲಿ ಸೇರಿರುತ್ತದೆ. 20 ಮೂಲೆಗೆ ಬರಬೇಕಾದರೆ ಉಳಿದವುಗಳಲ್ಲಿ 52 ಆಗುವ ಮೂರು ಜೋಡಿ ಬೇಕು. ಸಿಗುವುದು ಎರಡೇ: 24 ಮತ್ತು 28, 25 ಮತ್ತು 27. ಆದ್ದರಿಂದ 20 ಮೂಲೆಯಲ್ಲಿ ನಿಲ್ಲದು, ಅಂಚಿನ ನಡುವೆ ನಿಲ್ಲಬೇಕು. 22, 26, 28ಕ್ಕೂ ಇದೇ ತೀರ್ಪು. ಬೆಸ ಸಂಖ್ಯೆಗಳು ತಾವಾಗಿ ಮೂಲೆಗೆ ಸರಿಯುತ್ತವೆ. ಇಷ್ಟಾದ ಮೇಲೆ ಚೌಕವನ್ನು ತಿರುಗಿಸಿದ ಅಥವಾ ಕನ್ನಡಿಯಲ್ಲಿ ಕಂಡ ರೂಪಗಳ ಹೊರತು ಬೇರೆ ಪರಿಹಾರ ಉಳಿಯುವುದಿಲ್ಲ. ಸುಡೊಕುವಿನ ಅತಿ ಕಠಿಣ ಉಪಾಯವೂ ಈ ಜಾತಿಯದೇ.

ಮಾಯಾಚೌಕಗಳ ಶಾಸ್ತ್ರ ಭಾರತದಲ್ಲಿ ಹಳೆಯದು. ನಾರಾಯಣ ಪಂಡಿತನ ಗಣಿತಕೌಮುದಿ (1356) ಭದ್ರಗಣಿತ ಎಂಬ ಹೆಸರಿನಲ್ಲಿ ಅದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಕನ್ನಡದಲ್ಲಿ ಅಂಕಚೌಕ ಎಂದೊಡನೆ ನೆನಪಾಗುವ ಕುಮುದೇಂದುವಿನ ಸಿರಿಭೂವಲಯ 1953ರಲ್ಲಿ ಅಚ್ಚಾಯಿತು. 27 ಸಾಲು, 27 ಕಂಬ, ಒಟ್ಟು 729 ಮನೆಗಳ ಚಕ್ರಗಳಲ್ಲಿ 1ರಿಂದ 64ರವರೆಗಿನ ಅಂಕೆಗಳು ಅಕ್ಷರಗಳ ಬದಲಿಗೆ ನಿಂತಿವೆ. ಅದು ತುಂಬುವ ಒಗಟಲ್ಲ, ಓದುವ ಒಗಟು. ಬಂಧ ಎಂದರೆ ಅಲ್ಲಿ ಮನೆಯಿಂದ ಮನೆಗೆ ಸಾಗುವ ದಾರಿ. ಚಕ್ರಬಂಧದ ಓದು ಮೇಲಿನ ಸಾಲಿನ ನಡುಮನೆಯಿಂದ ಹೊರಟು ಓರೆಯಾಗಿ ಸಾಗುತ್ತದೆ. ಬೆಸ ಅಳತೆಯ ಮಾಯಾಚೌಕವನ್ನು ತುಂಬುವ ಪ್ರಸಿದ್ಧ ಕ್ರಮದ ನಡಿಗೆಯೂ ಹೀಗೆಯೇ. ತುಂಬುವ ದಾರಿಯೇ ಓದುವ ದಾರಿಯೂ ಆಗುವ ಈ ಹೊಂದಿಕೆ ಕನ್ನಡದ ಅಂಕಬಂಧಾಸಕ್ತರ ಗಮನಕ್ಕೆ ಇನ್ನೂ ಹೆಚ್ಚಾಗಿ ಬರಬೇಕು.

ಹಾಸು, ಹೊಕ್ಕು

ಪ್ರತಿ ಅಡ್ಡಸಾಲಿನಲ್ಲೂ ಪ್ರತಿ ಕಂಬಸಾಲಿನಲ್ಲೂ ಒಂದು ಗುರುತು ಒಂದೇ ಸಲ ಬರುವ ಚೌಕಕ್ಕೆ ಲ್ಯಾಟಿನ್ ಚೌಕ ಎಂದು ಹೆಸರು. ಈ ನಿಯಮದ ಅರ್ಧವನ್ನು ನೇಯ್ಗೆ ಬಹಳ ಹಿಂದಿನಿಂದ ಬಲ್ಲದು. ಸ್ಯಾಟಿನ್ ನೇಯ್ಗೆಯ ನಕ್ಷೆಯನ್ನು ಗೆರೆಚೌಕದ ಹಾಳೆಯ ಮೇಲೆ ಬರೆಯುವಾಗ ಪ್ರತಿ ಹಾಸಿನ ಎಳೆಗೂ ಪ್ರತಿ ಹೊಕ್ಕಿನ ಎಳೆಗೂ ಒಂದೇ ಕಟ್ಟು ಬೀಳಬೇಕು, ಅಕ್ಕಪಕ್ಕದ ಕಟ್ಟುಗಳು ತಾಗಬಾರದು. ಐದು ಎಳೆಯ ನೇಯ್ಗೆಯಲ್ಲಿ ಸಾಲಿನಿಂದ ಸಾಲಿಗೆ ಎರಡೆರಡು ಮನೆ ಜರುಗಿಸಿದರೆ ಕಟ್ಟುಗಳು 1, 3, 5, 2, 4ನೆಯ ಮನೆಗಳಿಗೆ ಬಿದ್ದು ಕೆಲಸ ಮುಗಿಯುತ್ತದೆ. ಆರು ಎಳೆಗೆ ಹೀಗೆ ಸಮ ಹೆಜ್ಜೆಯಲ್ಲಿ ಮಾಡಲು ಬಾರದು. 2, 3, 4 ಮನೆಗಳ ಹೆಜ್ಜೆ ಇಟ್ಟರೆ ಎಲ್ಲ ಎಳೆಗಳನ್ನೂ ಮುಟ್ಟುವ ಮುಂಚೆಯೇ ಮೊದಲಿನ ಮನೆಗೆ ವಾಪಸು ಬರುತ್ತೇವೆ. 1 ಅಥವಾ 5 ಇಟ್ಟರೆ ಕಟ್ಟುಗಳು ಒಂದಕ್ಕೊಂದು ತಾಗಿ ಓರೆಗೆರೆ ಬೀಳುತ್ತದೆ. ಫ್ರೆಂಚ್ ಗಣಿತಜ್ಞ ಎದುವಾರ್ ಲ್ಯೂಕಾ 1867ರಲ್ಲಿ ಈ ಅಂಕಗಣಿತವನ್ನು ಪುಸ್ತಿಕೆಯಾಗಿ ಬರೆದ.

ಆರರ ಕಾಟ ಲ್ಯಾಟಿನ್ ಚೌಕಕ್ಕೂ ಇದೆ. ಆರು ದಳಗಳ, ಆರು ದರ್ಜೆಗಳ 36 ಅಧಿಕಾರಿಗಳನ್ನು ಪ್ರತಿ ಸಾಲಿನಲ್ಲೂ ಪ್ರತಿ ಕಂಬದಲ್ಲೂ ದಳ, ದರ್ಜೆ ಎರಡೂ ಮರುಕಳಿಸದಂತೆ ನಿಲ್ಲಿಸಲಾಗದು ಎಂದು ಆಯ್ಲರ್ 1782ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ನಂಬಿದ್ದ. 6, 10, 14 ಹೀಗೆ ಮುಂದುವರಿಯುವ ಎಲ್ಲ ಅಳತೆಗಳಿಗೂ ಅದು ಅಸಾಧ್ಯ ಎಂದು ಊಹಿಸಿದ. ಆರರ ಮಟ್ಟಿಗೆ ಅವನ ಮಾತು ನಿಜವಾಯಿತು. ಉಳಿದದ್ದನ್ನು 1959ರಲ್ಲಿ ಮುರಿದವರು ರಾಜ್ ಚಂದ್ರ ಬೋಸ್, ಶರದಚಂದ್ರ ಶ್ರೀಖಂಡೆ ಮತ್ತು ಅರ್ನೆಸ್ಟ್ ಪಾರ್ಕರ್. ಮೂವರಲ್ಲಿ ಇಬ್ಬರು ಭಾರತೀಯರು. ಸುಡೊಕುವಿನ ತಾಯಿಬೇರು ಇರುವ ಈ ಕ್ಷೇತ್ರದಲ್ಲಿ ದುಡಿದ ಅವರ ಹೆಸರು ನಮ್ಮ ಶಾಲಾ ಪುಸ್ತಕಗಳಲ್ಲಿ ಇರಬೇಕಾದಷ್ಟು ಇಲ್ಲ.

ಸುಡೊಕು

ಒಂಬತ್ತು ಅಡ್ಡಸಾಲು, ಒಂಬತ್ತು ಕಂಬಸಾಲು, ಮೂರು ಮೂರು ಮನೆಯ ಒಂಬತ್ತು ಕಿರುಚೌಕ. ಈ 27 ಬಳಗಗಳಲ್ಲಿ ಪ್ರತಿಯೊಂದರಲ್ಲೂ 1ರಿಂದ 9 ಒಂದೊಂದು ಸಲ ಬರಬೇಕು. ಅಮೆರಿಕದ ಇಂಡಿಯಾನಾದ ನಿವೃತ್ತ ವಾಸ್ತುಶಿಲ್ಪಿ ಹೊವರ್ಡ್ ಗಾರ್ನ್ಸ್ ರಚಿಸಿದ ಈ ಬಂಧ 1979ರಲ್ಲಿ ಡೆಲ್ ಪತ್ರಿಕೆಯಲ್ಲಿ ‘ನಂಬರ್ ಪ್ಲೇಸ್’ ಎಂದು ಬಂತು. 1984ರಲ್ಲಿ ಜಪಾನಿನ ನಿಕೋಲಿ ಸಂಸ್ಥೆಯ ಮಾಕಿ ಕಾಜಿ ಇದನ್ನು ತಮ್ಮ ಓದುಗರಿಗೆ ಕೊಟ್ಟರು. ಅಂಕೆಗಳು ಒಂಟಿಯಾಗಿಯೇ ಇರಬೇಕು ಎಂಬ ಅರ್ಥದ ಜಪಾನಿ ವಾಕ್ಯ ಮೊಟಕಾಗಿ ಸುಡೊಕು ಆಯಿತು. ಹಾಂಗ್‌ಕಾಂಗಿನಲ್ಲಿ ನ್ಯಾಯಾಧೀಶರಾಗಿದ್ದ ನ್ಯೂಜಿಲೆಂಡಿನ ವೇಯ್ನ್ ಗೌಲ್ಡ್ ಬಂಧಗಳನ್ನು ಹೆಣೆಯುವ ಕಂಪ್ಯೂಟರ್ ಪ್ರೋಗ್ರಾಂ ಬರೆದು ಲಂಡನ್ನಿನ ‘ದಿ ಟೈಮ್ಸ್’ಗೆ ಕೊಟ್ಟರು. 2004ರ ನವೆಂಬರ್ 12ರಂದು ಅದು ಅಲ್ಲಿ ಅಚ್ಚಾದ ಮೇಲೆ ವರ್ಷದೊಳಗೆ ಲೋಕದ ಪತ್ರಿಕೆಗಳಿಗೆಲ್ಲ ಹಬ್ಬಿತು. ಕನ್ನಡ ದಿನಪತ್ರಿಕೆಗಳಲ್ಲೂ ಪದಬಂಧದ ಪಕ್ಕದಲ್ಲಿ ಅದಕ್ಕೆ ಜಾಗ ಸಿಕ್ಕಿತು.

ಬಿಡಿಸುವ ಕ್ರಮವನ್ನು ನಾಲ್ಕು ಸಾಲು, ನಾಲ್ಕು ಕಂಬದ ಚಿಕ್ಕ ಚೌಕದಲ್ಲಿ ನೋಡುವುದು ಸುಲಭ. ಇಲ್ಲಿ 1ರಿಂದ 4 ಮಾತ್ರ. ಎರಡು ಎರಡು ಮನೆಯ ನಾಲ್ಕು ಕಿರುಚೌಕ.

1  –  –  –
–  –  –  2
–  –  4  –
–  3  –  –

ಬಲಗಡೆಯ ಮೇಲಿನ ಕಿರುಚೌಕದಲ್ಲಿ 1 ಎಲ್ಲಿ? ಮೊದಲ ಸಾಲಿನಲ್ಲಿ ಆಗಲೇ 1 ಇದೆ, ಎರಡನೆಯ ಸಾಲಿನ ಕೊನೆಯ ಮನೆಯಲ್ಲಿ 2 ಕೂತಿದೆ. ಎರಡನೆಯ ಸಾಲಿನ ಮೂರನೆಯ ಮನೆಯೊಂದೇ ಉಳಿಯಿತು. ಅದೇ ಕಿರುಚೌಕದಲ್ಲಿ ಇನ್ನು 3 ಮತ್ತು 4 ಬಾಕಿ. ಮೂರನೆಯ ಕಂಬದಲ್ಲಿ 4 ಇರುವುದರಿಂದ ಮೊದಲ ಸಾಲಿನ ಮೂರನೆಯ ಮನೆ 3, ನಾಲ್ಕನೆಯದು 4. ಮೊದಲ ಸಾಲಿನಲ್ಲಿ ಉಳಿದದ್ದು 2. ಹೀಗೆ ಒಂದರ ಬೆನ್ನಿಗೆ ಒಂದು ಬಿಚ್ಚಿಕೊಂಡು ಸಾಲುಗಳು 1234, 3412, 2143, 4321 ಎಂದು ಮುಗಿಯುತ್ತವೆ. ಓದುಗರು ಪೆನ್ಸಿಲ್ ಹಿಡಿದು ಉಳಿದ ಹೆಜ್ಜೆಗಳನ್ನು ತಾವೇ ಇಟ್ಟು ನೋಡಬೇಕು. ಕೈಯಾರೆ ತುಂಬಿದವರಿಗೆ ಮುಂದಿನದು ಸಲೀಸು.

ಮೊದಲ ಹೆಜ್ಜೆಯಲ್ಲಿ ಅಂಕೆಗೆ ಮನೆ ಹುಡುಕಿದೆವು. ಅದಕ್ಕೆ ಆಟಗಾರರ ಹೆಸರು ಹಿಡನ್ ಸಿಂಗಲ್. ಮನೆಯೊಂದರ ಸಾಲು, ಕಂಬ, ಚೌಕ ಮೂರನ್ನೂ ನೋಡಿ ಎಂಟು ಅಂಕೆಗಳನ್ನು ಹೊಡೆದು ಒಂಬತ್ತನೆಯದನ್ನು ಬರೆಯುವುದು ನೇಕೆಡ್ ಸಿಂಗಲ್. ಹೊಸಬರು ಎರಡನೆಯದಕ್ಕೆ ಬೇಗ ಒಗ್ಗಿಕೊಂಡು ಮನೆಮನೆಯನ್ನೂ ತಡಕುತ್ತಾರೆ. ಪಳಗಿದವರು ಮೊದಲನೆಯದರಿಂದ ಶುರುಮಾಡುತ್ತಾರೆ: 1 ಎಲ್ಲೆಲ್ಲಿದೆ, 2 ಎಲ್ಲೆಲ್ಲಿದೆ ಎಂದು ಕಣ್ಣಾಡಿಸುತ್ತಾರೆ. ಪತ್ರಿಕೆಗಳ ಸುಲಭ ಬಂಧಗಳು ಇಷ್ಟರಲ್ಲೇ ಮುಗಿಯುತ್ತವೆ, ಮನೆಯೊಳಗೆ ಸಣ್ಣ ಅಂಕೆ ಬರೆದುಕೊಳ್ಳುವ ಅಗತ್ಯವೂ ಬೀಳದು.

ಅದು ಸಾಲದಾದಾಗ ಪ್ರತಿ ಖಾಲಿ ಮನೆಯಲ್ಲೂ ಬರಬಹುದಾದ ಅಂಕೆಗಳನ್ನು ಚಿಕ್ಕದಾಗಿ ಬರೆದಿಡಬೇಕು. ಇಲ್ಲಿಂದ ಮುಂದಿನ ಉಪಾಯಗಳ ಕೆಲಸ ಉತ್ತರ ಬರೆಯುವುದಲ್ಲ, ಸಣ್ಣ ಅಂಕೆಗಳನ್ನು ಅಳಿಸುವುದು. ಒಂದು ಕಿರುಚೌಕದೊಳಗೆ 4 ಬರಬಹುದಾದ ಮನೆಗಳೆಲ್ಲ ಒಂದೇ ಅಡ್ಡಸಾಲಿನಲ್ಲಿ ಬಿದ್ದಿವೆ ಎನ್ನಿ. ಆ ಚೌಕದ 4 ಎಲ್ಲಿ ಬಂದರೂ ಆ ಸಾಲಿನಲ್ಲೇ ಬರುತ್ತದೆ. ಸಾಲಿನ ಉಳಿದ ಮನೆಗಳಿಂದ 4ನ್ನು ಅಳಿಸಬಹುದು. ತಿರುವುಮುರುವಾಗಿಯೂ ಇದು ನಡೆಯುತ್ತದೆ: ಸಾಲಿನ 4 ಒಂದೇ ಕಿರುಚೌಕದೊಳಗೆ ಸಿಕ್ಕಿಕೊಂಡಿದ್ದರೆ ಆ ಚೌಕದ ಬೇರೆ ಮನೆಗಳಿಂದ 4 ಹೋಗುತ್ತದೆ. ಎಲ್ಲಿ ಎಂದು ಗೊತ್ತಾಗುವ ಮೊದಲೇ ಅಂಕೆ ಕೆಲಸ ಮಾಡತೊಡಗುವುದು ಇಲ್ಲಿನ ಸೊಗಸು.

ಜೋಡಿಗಳದ್ದು ಇನ್ನೊಂದು ದಾರಿ. ಒಂದೇ ಸಾಲಿನ ಎರಡು ಮನೆಗಳಲ್ಲಿ 2, 6 ಮಾತ್ರ ಉಳಿದಿದ್ದರೆ ಆ ಎರಡು ಅಂಕೆಗಳು ಆ ಎರಡು ಮನೆಗಳಿಗೇ ಸಂದವು. ಯಾವುದು ಯಾವುದಕ್ಕೆ ಎಂದು ತಿಳಿಯದಿದ್ದರೂ ಸಾಲಿನ ಮಿಕ್ಕ ಮನೆಗಳಿಂದ ಎರಡನ್ನೂ ತೆಗೆಯಬಹುದು. ಮೂರು ಮನೆಗೆ ಮೂರು ಅಂಕೆಯಾದರೂ ಇದೇ ತರ್ಕ. ಮೂರರಲ್ಲೂ ಮೂರು ಅಂಕೆ ಇರಲೇಬೇಕೆಂದಿಲ್ಲ, 2 ಮತ್ತು 6, 6 ಮತ್ತು 9, 2 ಮತ್ತು 9 ಎಂದಿದ್ದರೂ ಸಾಕು. ಇದನ್ನು ತಪ್ಪಿಸಿಕೊಳ್ಳುವವರು ಬಹಳ. ಅಡಗಿದ ಜೋಡಿ ಇದರ ಹಿಂಬದಿ: ಎರಡು ಅಂಕೆಗಳಿಗೆ ಬಳಗದಲ್ಲಿ ಎರಡೇ ಮನೆ ಉಳಿದಿದ್ದರೆ ಆ ಮನೆಗಳಲ್ಲಿನ ಬೇರೆ ಸಣ್ಣ ಅಂಕೆಗಳೆಲ್ಲ ಅಳಿಯುತ್ತವೆ. ಏಳು ಮನೆ ಖಾಲಿಯಿರುವ ಸಾಲಿನ ಅಡಗಿದ ಜೋಡಿಯನ್ನು ಇನ್ನೊಂದು ಕಡೆಯಿಂದ ನೋಡಿದರೆ ಅದೇ ಬಯಲಿನಲ್ಲಿರುವ ಐದರ ಗುಂಪು. ಆದ್ದರಿಂದ ನಾಲ್ಕಕ್ಕಿಂತ ದೊಡ್ಡ ಗುಂಪನ್ನು ಹುಡುಕುವ ಶ್ರಮ ಎಂದೂ ಬೇಡ. ಅದಕ್ಕೆ ಜೊತೆಯಾದ ಸಣ್ಣ ಗುಂಪು ಇದ್ದೇ ಇರುತ್ತದೆ.

ಇಲ್ಲಿಯವರೆಗೆ ಒಂದು ಬಳಗ, ಹೆಚ್ಚೆಂದರೆ ಎರಡು. ಎಕ್ಸ್-ವಿಂಗ್ ಚೌಕದ ಉದ್ದಗಲಕ್ಕೆ ಕೈ ಚಾಚುತ್ತದೆ. ಎರಡನೆಯ ಅಡ್ಡಸಾಲಿನಲ್ಲಿ 7ಕ್ಕೆ ಮೂರನೆಯ ಮತ್ತು ಎಂಟನೆಯ ಕಂಬದಲ್ಲಿ ಮಾತ್ರ ಜಾಗ. ಆರನೆಯ ಸಾಲಿನಲ್ಲೂ ಅದೇ ಎರಡು ಕಂಬಗಳಲ್ಲಿ ಮಾತ್ರ. ಒಂದು ಸಾಲಿನ 7 ಮೂರನೆಯ ಕಂಬಕ್ಕೆ ಹೋದರೆ ಇನ್ನೊಂದರದು ಎಂಟನೆಯದಕ್ಕೆ ಹೋಗಲೇಬೇಕು. ಹೇಗಾದರೂ ಆ ಎರಡು ಕಂಬಗಳ 7 ಈ ಎರಡು ಸಾಲುಗಳಿಂದಲೇ ಬಂತು. ಕಂಬಗಳ ಉಳಿದ ಮನೆಗಳಿಂದ 7ನ್ನು ಅಳಿಸಬಹುದು. ಮೂರು ಸಾಲು, ಮೂರು ಕಂಬಕ್ಕೆ ಹಿಗ್ಗಿದರೆ ಸ್ವೋರ್ಡ್‌ಫಿಶ್, ನಾಲ್ಕಕ್ಕೆ ಜೆಲ್ಲಿಫಿಶ್. ಹಾಸಿನ ಎಳೆ ಹೊಕ್ಕಿನ ಎಳೆ ಒಂದನ್ನೊಂದು ಹಿಡಿದಿಡುವುದನ್ನು ದಿನವೂ ನೋಡುವ ನೇಕಾರರ ಕಣ್ಣಿಗೆ ಇದು ಬೇಗ ಹಿಡಿಸಬಹುದು ಎಂಬುದು ಈ ಲೇಖಕನ ಅನಿಸಿಕೆ.

ಎಕ್ಸ್‌ವೈ-ವಿಂಗ್‌ಗೆ ಮೂರು ಮನೆ ಬೇಕು, ಪ್ರತಿಯೊಂದರಲ್ಲೂ ಎರಡೆರಡು ಸಣ್ಣ ಅಂಕೆ. ನಡುವಿನದರಲ್ಲಿ 3, 5. ಅದರ ಒಂದು ಬಳಗದ ಮನೆಯಲ್ಲಿ 3, 8. ಇನ್ನೊಂದು ಬಳಗದ ಮನೆಯಲ್ಲಿ 5, 8. ನಡುವೆ 3 ಬಂದರೆ ಮೊದಲ ರೆಕ್ಕೆ 8, 5 ಬಂದರೆ ಎರಡನೆಯ ರೆಕ್ಕೆ 8. ಎರಡೂ ರೆಕ್ಕೆಗಳೊಂದಿಗೆ ಬಳಗ ಹಂಚಿಕೊಂಡ ಯಾವ ಮನೆಯಲ್ಲೂ 8 ನಿಲ್ಲದು. ಇದನ್ನು ಇನ್ನೂ ಉದ್ದಕ್ಕೆ ಎಳೆದರೆ ಸರಪಳಿಗಳು, ಎರಡು ಬಣ್ಣ ಹಚ್ಚಿ ನೋಡುವ ಕ್ರಮಗಳು.

ಊಹೆ ಸರಿಯೇ

ಒಂದು ಮನೆಯಲ್ಲಿ 3 ಎಂದು ಹಿಡಿದು ಸಾಗಿ, ಎಡವಿದರೆ ಹಿಂದಿರುಗಿ 5 ಎನ್ನುವುದನ್ನು ಕೆಲವರು ಬಿಡಿಸುವ ಕ್ರಮವೆಂದೇ ಒಪ್ಪುವುದಿಲ್ಲ. ಸರಪಳಿಯೂ ‘ಇದಾದರೆ ಅದು’ ಎಂದೇ ಸಾಗುತ್ತದಲ್ಲ ಎಂದು ಇನ್ನು ಕೆಲವರ ಕೇಳಿಕೆ. ನನಗೆ ಗೆರೆ ಸ್ಪಷ್ಟವಾಗಿ ಕಾಣುತ್ತದೆ: ಸರಪಳಿ ಎರಡೂ ಕವಲುಗಳನ್ನು ಮನಸ್ಸಿನಲ್ಲಿ ಒಟ್ಟಿಗೆ ಹಿಡಿದು ಎರಡಕ್ಕೂ ಸಾಮಾನ್ಯವಾದ ಫಲವನ್ನು ಎತ್ತಿಕೊಳ್ಳುತ್ತದೆ, ಊಹೆ ಒಂದು ಕವಲಿನ ಮೇಲೆ ಬಂಧವನ್ನೆಲ್ಲ ಪಣಕ್ಕಿಡುತ್ತದೆ. ಸ್ಪರ್ಧೆಯ ಗಡಿಯಾರದ ಮುಂದೆ ಊಹೆಗೂ ಬೆಲೆಯಿದೆ. ಮನೆಯ ಜಗಲಿಯಲ್ಲಿ ಕೂತು ಬಿಡಿಸುವವರು ಅದನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಊಹಿಸಿ ಗೆದ್ದವರಿಗೆ ಮುಂದಿನ ಬಂಧಕ್ಕೆ ಒಯ್ಯುವ ಪಾಠ ಏನೂ ಸಿಕ್ಕಿರುವುದಿಲ್ಲ.

ಇನ್ನೊಂದು ತಕರಾರು ಅನನ್ಯತೆಯದು. ಎರಡು ಸಾಲು, ಎರಡು ಕಂಬ, ಎರಡು ಕಿರುಚೌಕಗಳಲ್ಲಿ ಹರಡಿದ ನಾಲ್ಕು ಮೂಲೆಗಳಲ್ಲೂ 1, 9 ಮಾತ್ರ ಉಳಿದರೆ ಅವನ್ನು ಅದಲುಬದಲು ಮಾಡಬಹುದು, ಅಂದರೆ ಬಂಧಕ್ಕೆ ಎರಡು ಉತ್ತರ. ಬಂಧಕ್ಕೆ ಒಂದೇ ಉತ್ತರ ಎಂಬ ಭರವಸೆಯ ಮೇಲೆ, ಮೂರು ಮೂಲೆಗಳಲ್ಲಿ ಅವೆರಡೇ ಉಳಿದಾಗ ನಾಲ್ಕನೆಯ ಮೂಲೆಗೆ 1, 9 ಬಿಟ್ಟು ಬೇರೆ ಅಂಕೆ ಬರಲೇಬೇಕು ಎನ್ನುವುದು ಈ ಉಪಾಯ. ರಚಿಸಿದವರನ್ನು ನಂಬಿದರೆ ಸರಿ. ಬಂಧವನ್ನು ತಾನೇ ರಚಿಸಿ ಪರೀಕ್ಷಿಸುವವರು ಇದನ್ನು ಬಳಸಕೂಡದು. ತೋರಿಸಬೇಕಾದ್ದನ್ನೇ ಮೊದಲು ಒಪ್ಪಿಕೊಂಡಂತಾಗುತ್ತದೆ.

ಒಂದೇ ಉತ್ತರ ಇರಲು ಕೊಟ್ಟ ಅಂಕೆಗಳು ಕನಿಷ್ಠ ಎಷ್ಟಿರಬೇಕು? 17 ಎಂದು ಡಬ್ಲಿನ್ನಿನ ಗ್ಯಾರಿ ಮೆಗ್ವಾಯರ್ ಮತ್ತು ಸಂಗಡಿಗರು 2012ರಲ್ಲಿ ಕಂಪ್ಯೂಟರಿನಿಂದ ತೋರಿಸಿದರು. ತುಂಬಿದ ಸುಡೊಕು ಚೌಕಗಳ ಒಟ್ಟು ಸಂಖ್ಯೆ 6,670,903,752,021,072,936,960; ಫೆಲ್ಗನ್‌ಹಾವರ್ ಮತ್ತು ಜಾರ್ವಿಸ್ 2005ರಲ್ಲಿ ಎಣಿಸಿದ್ದು. ಕೊಟ್ಟ ಅಂಕೆಗಳು ಕಡಿಮೆಯಾದಷ್ಟೂ ಬಂಧ ಕಷ್ಟ ಎಂಬ ಮಾತು ಮಾತ್ರ ನಿಜವಲ್ಲ. 17 ಅಂಕೆಯ ಅನೇಕ ಬಂಧಗಳು ಮೊದಲ ಎರಡು ಉಪಾಯಗಳಿಂದಲೇ ಬಿಚ್ಚಿಕೊಳ್ಳುತ್ತವೆ. ಕಂಪ್ಯೂಟರಿಗೆ ಕಷ್ಟ ಸುಲಭ ಒಂದೇ: 81 ಮನೆ, ಒಂಬತ್ತು ಅಂಕೆ, ಒಟ್ಟು 729 ಆಯ್ಕೆ, 324 ಕಟ್ಟಳೆ ಎಂದು ಬರೆದುಕೊಂಡು ಡೊನಾಲ್ಡ್ ಕ್ನೂತ್ 2000ದಲ್ಲಿ ವಿವರಿಸಿದ ಹಿಂದೆಮುಂದೆ ಓಡುವ ಕ್ರಮದಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತದೆ.

ಓರಗೆಯ ಬಂಧಗಳು

ಕಕುರೊದಲ್ಲಿ ಲೆಕ್ಕ ಬೇಕು. ಪದಬಂಧದಂಥ ಚೌಕದಲ್ಲಿ ಸಾಲಿನ ಮೊತ್ತ ಕೊಟ್ಟಿರುತ್ತದೆ, ಅಂಕೆ ಮರುಕಳಿಸಬಾರದು. ಎರಡು ಮನೆಗೆ 3 ಎಂದರೆ 1 ಮತ್ತು 2, 17 ಎಂದರೆ 8 ಮತ್ತು 9. ಮೂರು ಮನೆಗೆ 24 ಎಂದರೆ 7, 8, 9. ಒಂದೇ ರೀತಿಯಲ್ಲಿ ಒಡೆಯುವ ಇಂಥ ಮೊತ್ತಗಳು ಅಡ್ಡಹಾಯುವ ಕಡೆಯಿಂದ ಶುರುಮಾಡಬೇಕು. ಮನೆಗಳ ಗುಂಪುಗಳಿಗೆ ಮೊತ್ತ ಕೊಟ್ಟಿರುವ ಕಿಲ್ಲರ್ ಸುಡೊಕುವಿಗೆ ಕೀಲಿ 45: 1ರಿಂದ 9ರ ಮೊತ್ತ. ಸಾಲನ್ನು ಬಹುಮಟ್ಟಿಗೆ ಮುಚ್ಚುವ ಗುಂಪುಗಳ ಮೊತ್ತವನ್ನು 45ರಿಂದ ಕಳೆದರೆ ಉಳಿದ ಮನೆ ಬಯಲಾಗುತ್ತದೆ. ಕೆನ್‌ಕೆನ್ ಜಪಾನಿನ ಶಿಕ್ಷಕ ತೆತ್ಸುಯ ಮಿಯಾಮೊತೊ 2004ರಲ್ಲಿ ತಮ್ಮ ವಿದ್ಯಾರ್ಥಿಗಳಿಗೆಂದು ಮಾಡಿದ್ದು.

ಕುದುರೆನಡೆಯ ಮಾತು ಬಂದರೆ ಮೈಸೂರಿಗೆ ಹೋಗಲೇಬೇಕು. ಚದುರಂಗದ ಕುದುರೆ ಪ್ರತಿ ಮನೆಯನ್ನೂ ಒಮ್ಮೆ ಮಾತ್ರ ಮೆಟ್ಟುವಂತೆ 1ರಿಂದ 64 ಬರೆಯುವ ಈ ಬಂಧದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಪರಿಣತರು. 12 ಸಾಲು, 12 ಕಂಬದ ಹಾಸಿನ ಮೇಲೆ ಸಾಲು, ಕಂಬಗಳ ಮೊತ್ತ 870 ಆಗುವಂಥ ಕುದುರೆನಡೆಯನ್ನು ಅವರು ರಚಿಸಿದ್ದನ್ನು ಈ ವಿದ್ಯೆಯ ಚರಿತ್ರಕಾರರು ದಾಖಲಿಸಿದ್ದಾರೆ. ಸಾಮಾನ್ಯ ಕುದುರೆನಡೆಗೆ 1823ರಲ್ಲಿ ವಾರ್ನ್ಸ್‌ಡಾರ್ಫ್ ಕೊಟ್ಟ ಸೂತ್ರ ಸುಡೊಕುವಿಗೂ ಸಲ್ಲುತ್ತದೆ: ಮುಂದಿನ ದಾರಿ ಎಲ್ಲಿ ಕಡಿಮೆಯೋ ಅಲ್ಲಿಗೆ ಮೊದಲು ಹೋಗು. ಎಂಟು ಸಾಲು, ಎಂಟು ಕಂಬದ ಹಾಸಿನಲ್ಲಿ ಮೂಲೆಗೆರೆಗಳೂ ಸೇರಿ ಎಲ್ಲ ಮೊತ್ತ ಸಮನಾಗುವ ಕುದುರೆನಡೆ ಇಲ್ಲವೆಂದು ಕಂಪ್ಯೂಟರ್ ಹುಡುಕಾಟದಿಂದ ಖಚಿತವಾದದ್ದು 2003ರಲ್ಲಿ.

ವಿಶ್ವ ಸುಡೊಕು ಚಾಂಪಿಯನ್‌ಷಿಪ್ 2006ರಲ್ಲಿ ಇಟಲಿಯ ಲುಕ್ಕಾದಲ್ಲಿ ಆರಂಭವಾಯಿತು. ಭಾರತಕ್ಕೆ ಅದು ಎರಡು ಸಲ ಬಂದಿದೆ: 2008ರಲ್ಲಿ ಗೋವಾಕ್ಕೆ, 2017ರ ಅಕ್ಟೋಬರಿನಲ್ಲಿ ಬೆಂಗಳೂರಿಗೆ. ಗೋವಾದಲ್ಲಿ ಅಮೆರಿಕದ ಥಾಮಸ್ ಸ್ನೈಡರ್, ಬೆಂಗಳೂರಿನಲ್ಲಿ ಜಪಾನಿನ ಕೋಟ ಮೊರಿನಿಶಿ ಗೆದ್ದರು.

ಚಿನ್ನಾಳಪಟ್ಟಿಯಂಥ ಊರುಗಳಲ್ಲಿ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಕನ್ನಡದ ಬರಹ ಕಣ್ಣಿಗೆ ಬೀಳುವುದೇ ಅಪರೂಪ. ಸುಡೊಕುವಿಗೆ ಬೇಕಾದದ್ದು ಒಂಬತ್ತು ಗುರುತು ಮಾತ್ರ. ಅಂಥ ಮನೆಯ ಮಗುವಿಗೆ ಮುಂದಿನ ಬಂಧವನ್ನು ಬರೆದುಕೊಡುವವರು ೧, ೨, ೩, ೪, ೫, ೬, ೭, ೮, ೯ ಎಂದು ಬರೆದುಕೊಡಿ.